ಚೆಸ್ ಒಲಿಂಪಿಯಾಡ್: ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್‌ನಿಂದ ಭಾರತಕ್ಕೆ ಎರಡು ಚಿನ್ನ ಬಂದ ಮೇಲೆ ಚೆಸ್ ಆಡದವರೂ ದೇಶಗಳ ತಂಡಗಳು ಸೆಣಸುವ ಈ ಒಲಿಂಪಿಯಾಡ್ ಬಗ್ಗೆ ವಿಚಾರಿಸತೊಡಗಿದ್ದಾರೆ. ಮಕ್ಕಳನ್ನು ತರಬೇತಿಗೆ ಕಳುಹಿಸುವ ತಾಯಂದಿರು, ಹಳೆಯ ಕ್ರಿಕೆಟ್ ಅಭಿಮಾನಿಗಳು, ಜಿಲ್ಲಾ ಮಟ್ಟದಲ್ಲಿ ಆಡುವ ಹುಡುಗರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಆಟದ ಪರಿಚಯ ಇಲ್ಲದವರು ಮೊದಲಿನಿಂದ ಓದಬಹುದು, ಬಲ್ಲವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಹೊಸಬರಿಗೆ

ಚೆಸ್ ಇಬ್ಬರೇ ಕೂತು ಆಡುವ ಆಟ. ಅದರಲ್ಲಿ ತಂಡ ಎಲ್ಲಿಂದ ಬಂತು?

ಒಂದು ದೇಶದ ನಾಲ್ವರು ಇನ್ನೊಂದು ದೇಶದ ನಾಲ್ವರ ಎದುರು ಸಾಲಾಗಿ ಕೂರುತ್ತಾರೆ. ನಾಲ್ಕು ಬೋರ್ಡ್, ನಾಲ್ಕು ಬೇರೆ ಬೇರೆ ಆಟ, ಆದರೆ ಫಲಿತಾಂಶ ಒಂದೇ. ಗೆದ್ದರೆ ಒಂದು ಅಂಕ, ಡ್ರಾ ಆದರೆ ಅರ್ಧ. ನಾಲ್ಕೂ ಬೋರ್ಡುಗಳ ಅಂಕ ಕೂಡಿಸಿದಾಗ ಎರಡೂವರೆ ಮುಟ್ಟಿದ ತಂಡ ಪಂದ್ಯ ಗೆದ್ದಂತೆ. ತಂಡದಲ್ಲಿ ಐದನೆಯವನೂ ಇರುತ್ತಾನೆ. ಅವನು ಮೀಸಲು ಆಟಗಾರ. ಯಾರಿಗಾದರೂ ವಿಶ್ರಾಂತಿ ಬೇಕಾದಾಗ ಒಳಗೆ ಬರುತ್ತಾನೆ.

ಕೇಳಲು ಸರಳ. ಆದರೆ ಇದರಿಂದ ಆಟದ ಸ್ವಭಾವವೇ ಬದಲಾಗುತ್ತದೆ. ಒಬ್ಬನೇ ಆಡುವಾಗ ನನ್ನ ಸ್ಥಿತಿಗೆ ಯಾವ ನಡೆ ಒಳ್ಳೆಯದು ಎಂದಷ್ಟೇ ಯೋಚಿಸಿದರೆ ಸಾಕು. ಇಲ್ಲಿ ಪಕ್ಕದ ಬೋರ್ಡಿನ ಗೆಳೆಯ ಸೋಲುವ ಸ್ಥಿತಿಯಲ್ಲಿದ್ದರೆ, ಆರಾಮಾಗಿ ಡ್ರಾ ಮಾಡಿಕೊಳ್ಳಬಹುದಾದ ಆಟವನ್ನೂ ಅಪಾಯ ಮೈಮೇಲೆ ಎಳೆದುಕೊಂಡು ಗೆಲುವಿಗಾಗಿ ಮುಂದುವರಿಸಬೇಕಾಗುತ್ತದೆ. ಅವನು ಗೆಲ್ಲುವಂತಿದ್ದರೆ, ಗೆಲ್ಲುವ ಆಸೆಯನ್ನು ಕಟ್ಟಿಟ್ಟು ಅರ್ಧ ಅಂಕಕ್ಕೆ ಕೈಕುಲುಕಬೇಕಾಗುತ್ತದೆ. ವಿಶ್ವ ಚಾಂಪಿಯನ್‌ನ ಅರ್ಧ ಅಂಕವೂ ನಾಲ್ಕನೇ ಬೋರ್ಡಿನ ಹುಡುಗನ ಅರ್ಧ ಅಂಕವೂ ಇಲ್ಲಿ ಒಂದೇ ತೂಕದವು. ಒಲಿಂಪಿಯಾಡ್ ನನಗೆ ಇಷ್ಟವಾಗುವುದು ಈ ಒಂದೇ ಕಾರಣಕ್ಕೆ.

ಇದು ಒಲಿಂಪಿಕ್ಸ್‌ನ ಭಾಗವೇ?

ಅಲ್ಲ. ಇದನ್ನು ನಡೆಸುವುದು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ. ಫಿಡೆ ಹುಟ್ಟಿದ್ದು 1924ರ ಜುಲೈ 20ರಂದು ಪ್ಯಾರಿಸ್‌ನಲ್ಲಿ. ಆ ಬೇಸಿಗೆಯಲ್ಲಿ ಅದೇ ನಗರದಲ್ಲಿ ಒಲಿಂಪಿಕ್ಸ್ ನಡೆಯುತ್ತಿತ್ತು; ಜೊತೆಗೇ ಒಂದು ಚೆಸ್ ಕೂಟವೂ ಜರುಗಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 1999ರಲ್ಲಿ ಫಿಡೆಗೆ ಮಾನ್ಯತೆ ಕೊಟ್ಟಿತು. ಆದರೂ ಬೇಸಿಗೆ ಒಲಿಂಪಿಕ್ಸ್‌ನ ಪದಕಪಟ್ಟಿಗೆ ಚೆಸ್ ಇನ್ನೂ ಸೇರಿಲ್ಲ. ಒಲಿಂಪಿಯಾಡ್ ಎರಡು ವರ್ಷಕ್ಕೊಮ್ಮೆ, ಪ್ರತಿ ಸಲ ಬೇರೊಂದು ನಗರದಲ್ಲಿ ನಡೆಯುತ್ತದೆ.

ಅರ್ಹತಾ ಸುತ್ತು ಇರುತ್ತದೆಯೇ? ಎಷ್ಟು ದೇಶಗಳು ಆಡುತ್ತವೆ?

ಅರ್ಹತಾ ಸುತ್ತೇ ಇಲ್ಲ. ಫಿಡೆಯ ಸದಸ್ಯತ್ವ ಇರುವ ಯಾವ ಒಕ್ಕೂಟವಾದರೂ ಒಂದು ಓಪನ್ ತಂಡ, ಒಂದು ಮಹಿಳಾ ತಂಡ ಕಳುಹಿಸಬಹುದು. 2022ರಲ್ಲಿ ಚೆನ್ನೈ ಬಳಿಯ ಮಾಮಲ್ಲಪುರಕ್ಕೆ ಓಪನ್ ವಿಭಾಗದಲ್ಲೇ 180ಕ್ಕೂ ಹೆಚ್ಚು ತಂಡಗಳು ಬಂದಿದ್ದವು. ಅಂಧರು, ಕಿವುಡರು ಮತ್ತು ಅಂಗವಿಕಲರ ಅಂತರರಾಷ್ಟ್ರೀಯ ಸಂಸ್ಥೆಗಳೂ ತಮ್ಮದೇ ತಂಡ ಇಳಿಸುತ್ತವೆ.

ಶಾಂತಸಾಗರದ ಪುಟ್ಟ ದ್ವೀಪವೊಂದರ ಶಾಲಾ ಶಿಕ್ಷಕ ಮೊದಲ ಸುತ್ತಿನಲ್ಲಿ ಜಗತ್ತಿನ ಮೊದಲ ಹತ್ತರಲ್ಲಿರುವ ಗ್ರ್ಯಾಂಡ್‌ಮಾಸ್ಟರ್ (ಚೆಸ್‌ನ ಅತ್ಯುನ್ನತ ಪಟ್ಟ ಪಡೆದವನು) ಎದುರು ಕೂರಬಹುದು. ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಇದು ಕನಸಿನ ಮಾತು. ಸಣ್ಣ ದೇಶಗಳು ನಾಲ್ಕು–ಸೊನ್ನೆಯಲ್ಲಿ ಸೋಲುವುದನ್ನು ನೋಡುವುದರಲ್ಲಿ ಏನಿದೆ, ಅರ್ಹತಾ ಸುತ್ತು ಇಡಬಾರದೇ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಆ ಬಾಗಿಲು ಮುಚ್ಚಿದ ದಿನ ಒಲಿಂಪಿಯಾಡ್ ಇನ್ನೊಂದು ಗಣ್ಯರ ಪಂದ್ಯಾವಳಿ ಆಗುತ್ತದೆ, ಅಷ್ಟೇ.

ಗೆದ್ದರೆ ಎಷ್ಟು ಹಣ?

ಫಿಡೆಯಿಂದ ನಗದು ಬಹುಮಾನ ಇಲ್ಲ. ಪದಕ ಮತ್ತು ಟ್ರೋಫಿ ಮಾತ್ರ. ಹಣ ಕೊಡುವುದು ಆಯಾ ದೇಶದ ಒಕ್ಕೂಟ ಮತ್ತು ಸರ್ಕಾರಗಳಿಗೆ ಬಿಟ್ಟದ್ದು. 2024ರ ಗೆಲುವಿನ ನಂತರ ಅಖಿಲ ಭಾರತ ಚೆಸ್ ಒಕ್ಕೂಟ ಒಟ್ಟು 3.2 ಕೋಟಿ ರೂಪಾಯಿ ಘೋಷಿಸಿತು.

ಹೆಣ್ಣುಮಕ್ಕಳು ಪುರುಷರ ಜೊತೆ ಆಡಬಹುದೇ?

ಆಡಬಹುದು. ಓಪನ್ ವಿಭಾಗ ಎಲ್ಲರಿಗೂ ತೆರೆದದ್ದು. ಮಹಿಳಾ ವಿಭಾಗ ಮಹಿಳೆಯರಿಗೆ ಮಾತ್ರ. ಇದಕ್ಕೆ ಹಂಗೇರಿಯ ಜೂಡಿತ್ ಪೋಲ್ಗಾರ್‌ಗಿಂತ ದೊಡ್ಡ ನಿದರ್ಶನ ಬೇಡ. 1988ರಲ್ಲಿ ಗ್ರೀಸ್‌ನ ಥೆಸಲೋನಿಕಿಯಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ಅಕ್ಕಂದಿರಾದ ಜುಜಾ ಮತ್ತು ಜೋಫಿಯಾ ಹಾಗೂ ಇಲ್ಡಿಕೊ ಮಾಡ್ಲ್ ಜೊತೆ ಆಡಿ 13 ಆಟಗಳಲ್ಲಿ 12.5 ಅಂಕ ತಂದಳು. ಸೋವಿಯತ್ ಮಹಿಳೆಯರ ಬಹುಕಾಲದ ಪ್ರಾಬಲ್ಯ ಅಲ್ಲಿ ಮುರಿಯಿತು. 1990ರಲ್ಲಿ ಮತ್ತೊಮ್ಮೆ ಚಿನ್ನ. ಆಮೇಲೆ ಜೂಡಿತ್ ಮಹಿಳಾ ವಿಭಾಗದ ಕಡೆ ತಿರುಗಿ ನೋಡಲಿಲ್ಲ. ಹಂಗೇರಿಯ ಓಪನ್ ತಂಡದಲ್ಲೇ ಆಡಿ 2002 ಮತ್ತು 2014ರಲ್ಲಿ ಬೆಳ್ಳಿ ಗೆದ್ದರು.

ಮಹಿಳಾ ಒಲಿಂಪಿಯಾಡ್ ಶುರುವಾದದ್ದು 1957ರಲ್ಲಿ, ನೆದರ್ಲೆಂಡ್ಸ್‌ನ ಎಮೆನ್‌ನಲ್ಲಿ. ಅಲ್ಲಿ ಗೆದ್ದವರಿಗೆ ಸಿಗುವ ಕಪ್ಪಿಗೆ ಮೊದಲ ಮಹಿಳಾ ವಿಶ್ವ ಚಾಂಪಿಯನ್ ವೆರಾ ಮೆಂಚಿಕ್ ಹೆಸರಿದೆ. 1944ರಲ್ಲಿ ಲಂಡನ್ ಮೇಲೆ ಬಿದ್ದ ಜರ್ಮನಿಯ ಹಾರುಬಾಂಬಿಗೆ ಅವರು ಬಲಿಯಾದರು.

## ನಿಯಮಗಳು

4–0 ಗೆಲುವಿಗೂ 2.5–1.5 ಗೆಲುವಿಗೂ ಒಂದೇ ಬೆಲೆಯೇ?

ಈಗ ಹೌದು. ಪಂದ್ಯ ಗೆದ್ದ ತಂಡಕ್ಕೆ ಎರಡು ಅಂಕ, ಸಮವಾದರೆ ಒಂದೊಂದು. ಹನ್ನೊಂದು ಸುತ್ತು ಮುಗಿದಾಗ ಯಾರ ಬಳಿ ಹೆಚ್ಚು ಪಂದ್ಯಾಂಕ ಇದೆಯೋ ಅವರಿಗೆ ಚಿನ್ನ. ಅಂದರೆ ಗರಿಷ್ಠ 22. 2008ರ ಡ್ರೆಸ್ಡೆನ್‌ಗಿಂತ ಮೊದಲು ಹೀಗಿರಲಿಲ್ಲ. ಆಗ ಎಲ್ಲ ಬೋರ್ಡುಗಳ ಅಂಕವನ್ನು ಒಟ್ಟು ಕೂಡಿಸುತ್ತಿದ್ದರು. ಸಣ್ಣ ತಂಡವೊಂದನ್ನು 4–0ಯಿಂದ ಚಚ್ಚಿದರೆ ಸಿಗುತ್ತಿದ್ದ ಲಾಭ ಬಲಿಷ್ಠ ತಂಡವನ್ನು ಕಷ್ಟಪಟ್ಟು ಸೋಲಿಸಿದರೆ ಸಿಗುತ್ತಿರಲಿಲ್ಲ. ಬದಲಾವಣೆ ಒಳ್ಳೆಯದೇ ಆಯಿತು. ಈಗ ಪ್ರತಿ ಸುತ್ತೂ ಒಂದು ನಿಜವಾದ ಪಂದ್ಯ.

ಎಲ್ಲರೂ ಎಲ್ಲರೊಡನೆ ಆಡುವಷ್ಟು ಸಮಯ ಇಲ್ಲದ ಕಾರಣ 1976ರಿಂದ ಸ್ವಿಸ್ ಮಾದರಿ ಬಂತು. ಪ್ರತಿ ಸುತ್ತಿನಲ್ಲಿ ಸರಿಸುಮಾರು ಸಮ ಅಂಕ ಇರುವ ತಂಡಗಳನ್ನು ಜೋಡಿಸುತ್ತಾರೆ. ಸೋತರೆ ಮನೆಗೆ ಹೋಗಬೇಕಿಲ್ಲ, ಮುಂದಿನ ಸುತ್ತಿನಲ್ಲಿ ತುಸು ಹಗುರ ಎದುರಾಳಿ ಸಿಗುತ್ತಾರೆ.

ಅತ್ಯುತ್ತಮ ಆಟಗಾರನನ್ನು ಕೆಳಗಿನ ಬೋರ್ಡಿನಲ್ಲಿ ಕೂರಿಸಿ ಸುಲಭವಾಗಿ ಅಂಕ ದೋಚಬಾರದೇ?

ಈ ಪ್ರಶ್ನೆ ಕೇಳಿದವನು ಹತ್ತನೇ ತರಗತಿಯ ಹುಡುಗ, ಮತ್ತು ಅವನ ಯೋಚನೆ ಸರಿಯಾದ ದಿಕ್ಕಿನಲ್ಲೇ ಇದೆ. ಪಂದ್ಯಾವಳಿ ಶುರುವಾಗುವ ಮೊದಲೇ ತಂಡ ತನ್ನ ಐವರ ಕ್ರಮವನ್ನು ಬರೆದುಕೊಡಬೇಕು. ಆಮೇಲೆ ಹನ್ನೊಂದು ಸುತ್ತಿಗೂ ಅದೇ ಕ್ರಮ. ಯಾರನ್ನು ಕೂರಿಸಬೇಕು ಎಂದು ದಿನವೂ ಆರಿಸಬಹುದು, ಆದರೆ ಮೇಲಿನವನನ್ನು ಕೆಳಗೆ, ಕೆಳಗಿನವನನ್ನು ಮೇಲೆ ಹಾಕುವಂತಿಲ್ಲ. ಒಂದನೆಯವನು ವಿಶ್ರಾಂತಿ ಪಡೆದರೆ ಎಲ್ಲರೂ ಒಂದೊಂದು ಮೆಟ್ಟಿಲು ಮೇಲೇರುತ್ತಾರೆ.

ಆ ಮೂಲ ಕ್ರಮ ರೇಟಿಂಗ್ (ಆಟಗಾರನ ಬಲ ಅಳೆಯುವ ಅಂಕಿ) ಪ್ರಕಾರವೇ ಇರಬೇಕೆಂದಿಲ್ಲ. ಬುಡಾಪೆಸ್ಟ್‌ನಲ್ಲಿ ಭಾರತ ಮಾಡಿದ್ದು ಇದನ್ನೇ. ಆ ಹೊತ್ತಿಗೆ ಭಾರತೀಯರಲ್ಲಿ ಅತಿ ಹೆಚ್ಚು ರೇಟಿಂಗ್ ಇದ್ದದ್ದು ವಾರಂಗಲ್‌ನ ಅರ್ಜುನ್ ಎರಿಗೈಸಿಗೆ. ಅವರನ್ನು ಕೂರಿಸಿದ್ದು ಮೂರನೇ ಬೋರ್ಡಿನಲ್ಲಿ. ಮೊದಲ ಬೋರ್ಡಿಗೆ ಗುಕೇಶ್, ಎರಡನೆಯದಕ್ಕೆ ಪ್ರಜ್ಞಾನಂದ. ಗೆಲ್ಲಲೇಬೇಕೆಂದು ಹಟ ಹಿಡಿದು ಆಡುವ ಅರ್ಜುನ್ 11ರಲ್ಲಿ 10 ಅಂಕ ಕೊಯ್ದರು. ಪ್ರಜ್ಞಾನಂದ ಗಳಿಸಿದ್ದು 10 ಆಟಗಳಲ್ಲಿ 6. ಕಾಗದದ ಮೇಲೆ ಅದು ಸಾಧಾರಣ. ಆದರೆ ಎದುರಾಳಿಗಳ ಎರಡನೇ ಬೋರ್ಡಿನ ಬಲವನ್ನು ಅವರು ತಡೆದು ನಿಲ್ಲಿಸಿದ್ದರಿಂದಲೇ ಕೆಳಗಿನವರಿಗೆ ಬೇಟೆಯಾಡಲು ಅವಕಾಶವಾಯಿತು. ಮೂರನೇ ಬೋರ್ಡಿಗೆ ಹೋಗಲು ಒಪ್ಪಿದ ಅರ್ಜುನ್‌ಗೂ ಈ ಚಿನ್ನದಲ್ಲಿ ಅಂಕಪಟ್ಟಿ ತೋರಿಸುವುದಕ್ಕಿಂತ ದೊಡ್ಡ ಪಾಲಿದೆ ಎಂದು ನಾನು ನಂಬುತ್ತೇನೆ.

ನಾಯಕ ಆಡುವುದೇ ಇಲ್ಲವಲ್ಲ, ಅವರಿಗೇನು ಕೆಲಸ?

ಕ್ರಿಕೆಟ್ ನಾಯಕನನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇದು ಅರ್ಥವಾಗುವುದಿಲ್ಲ. ಚೆಸ್ ತಂಡದ ನಾಯಕ ಸಾಮಾನ್ಯವಾಗಿ ಆಡದವರು. ಪ್ರತಿ ದಿನ ಐವರಲ್ಲಿ ಯಾರನ್ನು ಬಿಡಬೇಕೆಂದು ತೀರ್ಮಾನಿಸುವುದು, ಎದುರಾಳಿಗಳ ತಯಾರಿಯನ್ನು ಹಂಚುವುದು, ಸೋತವನನ್ನು ಮರುದಿನಕ್ಕೆ ಎತ್ತಿ ನಿಲ್ಲಿಸುವುದು ಅವರ ಹೊಣೆ. ಆಟ ನಡೆಯುವಾಗ ಅವರ ಬಾಯಿಗೆ ಬಹುತೇಕ ಬೀಗ. ‘ಡ್ರಾ ಕೇಳು’, ‘ಡ್ರಾ ಒಪ್ಪಿಕೋ’ ಎನ್ನಬಹುದು. ಆದರೆ ಬೋರ್ಡಿನ ಮೇಲಿನ ಸ್ಥಿತಿ ಚೆನ್ನಾಗಿದೆ, ಕೆಟ್ಟಿದೆ ಎಂಬ ಸುಳಿವನ್ನೂ ಕೊಡುವಂತಿಲ್ಲ. 2024ರಲ್ಲಿ ಓಪನ್ ತಂಡಕ್ಕೆ ಶ್ರೀನಾಥ್ ನಾರಾಯಣನ್, ಮಹಿಳಾ ತಂಡಕ್ಕೆ ಅಭಿಜಿತ್ ಕುಂಟೆ ನಾಯಕರಾಗಿದ್ದರು. ಇಬ್ಬರೂ ಗ್ರ್ಯಾಂಡ್‌ಮಾಸ್ಟರ್‌ಗಳು.

ಎರಡು ತಂಡ ಸಮ ಅಂಕ ಪಡೆದರೆ ಚಿನ್ನ ಯಾರಿಗೆ?

ಟೈಬ್ರೇಕ್‌ಗೆ ಹೋಗುತ್ತದೆ. ನೀವು ಎದುರಿಸಿದ ಪ್ರತಿ ತಂಡ ಕೊನೆಗೆ ಗಳಿಸಿದ ಪಂದ್ಯಾಂಕವನ್ನು, ಆ ತಂಡದ ವಿರುದ್ಧ ನೀವು ಗಳಿಸಿದ ಬೋರ್ಡ್ ಅಂಕದಿಂದ ಗುಣಿಸುತ್ತಾರೆ. ಅತಿ ಕಡಿಮೆ ಅಂಕದ ಎದುರಾಳಿಯನ್ನು ಬಿಟ್ಟು ಉಳಿದದ್ದನ್ನು ಕೂಡಿಸುತ್ತಾರೆ. ಬಲಿಷ್ಠರ ವಿರುದ್ಧ ಹೆಚ್ಚು ಬೋರ್ಡ್ ಗೆದ್ದವರಿಗೆ ಇದು ಅನುಕೂಲ. ತೊಡಕೆಂದರೆ ಕೊನೆಯ ಸುತ್ತಿನಲ್ಲಿ ನಿಮ್ಮ ಪದಕ ನಿಮ್ಮ ಹಳೆಯ ಎದುರಾಳಿಗಳ ಫಲಿತಾಂಶದ ಮೇಲೆ ನಿಲ್ಲುತ್ತದೆ. ಸಭಾಂಗಣದ ಇನ್ನೊಂದು ತುದಿಯಲ್ಲಿ ಸಂಬಂಧವೇ ಇಲ್ಲದ ಇಬ್ಬರು ಡ್ರಾ ಮಾಡಿಕೊಂಡದ್ದಕ್ಕೆ ನಿಮ್ಮ ಚಿನ್ನ ಬೆಳ್ಳಿಯಾಗಬಹುದು. 2012ರಲ್ಲಿ ರಷ್ಯಾವನ್ನು ಹಿಂದಿಕ್ಕಿ ಅರ್ಮೇನಿಯಾ, 2016ರಲ್ಲಿ ಉಕ್ರೇನನ್ನು ಹಿಂದಿಕ್ಕಿ ಅಮೆರಿಕ, 2022ರಲ್ಲಿ ಅರ್ಮೇನಿಯಾವನ್ನು ಹಿಂದಿಕ್ಕಿ ಉಜ್ಬೇಕಿಸ್ತಾನ ಗೆದ್ದದ್ದು ಹೀಗೆ. 2018ರಲ್ಲಂತೂ ಚೀನಾ, ಅಮೆರಿಕ, ರಷ್ಯಾ ಮೂರೂ 18 ಅಂಕದಲ್ಲಿ ನಿಂತವು. ಚಿನ್ನ ಚೀನಾದ ಪಾಲಾಯಿತು. ಎರಡು ತಂಡಗಳ ನಡುವೆ ಒಂದು ಮರುಪಂದ್ಯ ಇಟ್ಟರೆ ಜನರಿಗೂ ಅರ್ಥವಾಗುತ್ತದೆ, ಆಟಗಾರರಿಗೂ ನ್ಯಾಯ ಸಿಗುತ್ತದೆ.

ತಂಡ ಸೋತರೂ ಆಟಗಾರನಿಗೆ ಚಿನ್ನ ಸಿಕ್ಕಿತು ಎಂದು ಓದಿದೆ. ಹೇಗೆ?

ಪ್ರತಿ ಬೋರ್ಡಿಗೂ ಪ್ರತ್ಯೇಕ ವೈಯಕ್ತಿಕ ಪದಕಗಳಿವೆ. ಬರೀ ಅಂಕ ಅಲ್ಲ, ಎದುರಾಳಿಗಳ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರದರ್ಶನ ರೇಟಿಂಗ್ ಮೇಲೆ ಇವು ನಿರ್ಧಾರವಾಗುತ್ತವೆ. 2022ರಲ್ಲಿ ಆತಿಥೇಯ ಭಾರತದ ಎರಡನೇ ತಂಡವಾದ ‘ಬಿ’ ಕಂಚು ಪಡೆದರೂ ಮೊದಲ ಬೋರ್ಡಿನಲ್ಲಿ ಗುಕೇಶ್‌ಗೆ, ಎರಡನೆಯದರಲ್ಲಿ ಕೇರಳದ ನಿಹಾಲ್ ಸರೀನ್‌ಗೆ ಚಿನ್ನ ಬಂತು. 2024ರಲ್ಲಿ ಗುಕೇಶ್, ಅರ್ಜುನ್, ದಿವ್ಯಾ ದೇಶ್‌ಮುಖ್, ವಂತಿಕಾ ಅಗ್ರವಾಲ್ ನಾಲ್ವರೂ ತಮ್ಮ ತಮ್ಮ ಬೋರ್ಡಿನ ಚಿನ್ನ ಗೆದ್ದರು.

ನನ್ನ ಅಚ್ಚುಮೆಚ್ಚಿನ ವೈಯಕ್ತಿಕ ಸಾಧನೆ ಮಾತ್ರ ಬೇರೆ. ಫಿಲಿಪೀನ್ಸ್‌ನ ಯೂಜೀನಿಯೊ ಟೊರೆ 2016ರ ಬಾಕು ಒಲಿಂಪಿಯಾಡ್‌ನಲ್ಲಿ, 64ನೇ ವಯಸ್ಸಿನಲ್ಲಿ, ಮೂರನೇ ಬೋರ್ಡಿನಲ್ಲಿ 11ಕ್ಕೆ 10 ಅಂಕ ಗಳಿಸಿ ಕಂಚು ಪಡೆದರು. ಅದು ಅವರ 23ನೇ ಒಲಿಂಪಿಯಾಡ್. ಯಾರೂ ಅಷ್ಟು ಆಡಿರಲಿಲ್ಲ.

## ಇತಿಹಾಸ

ಮೊದಲ ಒಲಿಂಪಿಯಾಡ್ ಯಾವಾಗ, ಗೆದ್ದವರು ಯಾರು?

1927, ಲಂಡನ್. 16 ತಂಡಗಳು. ಗೆದ್ದದ್ದು ಹಂಗೇರಿ. ಇಂದಿಗೂ ಓಪನ್ ವಿಜೇತರ ಕೈಗೆ ಬರುವ ಹ್ಯಾಮಿಲ್ಟನ್-ರಸೆಲ್ ಕಪ್ ಆಗಲೇ ಕೊಟ್ಟದ್ದು. 1930ರ ದಶಕದಲ್ಲಿ ಅಮೆರಿಕ 1931, 1933, 1935, 1937 ಎಂದು ಸತತ ನಾಲ್ಕು ಬಾರಿ ಗೆದ್ದಿತು.

ಯುದ್ಧದ ನಡುವೆಯೂ ಒಲಿಂಪಿಯಾಡ್ ನಡೆಯಿತಂತೆ, ನಿಜವೇ?

ನಿಜ. 1939ರಲ್ಲಿ ಆತಿಥ್ಯ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನದು. ಯುರೋಪಿನ ಹಲವು ತಂಡಗಳು ಆ್ಯಂಟ್‌ವರ್ಪ್ ಬಂದರಿನಿಂದ ‘ಪಿರಿಯಾಪೊಲಿಸ್’ ಎಂಬ ಹಡಗಿನಲ್ಲಿ ಒಟ್ಟಿಗೇ ಹೊರಟವು. ಒಂದೇ ಹಡಗಿನಲ್ಲಿ, ಇನ್ನು ಕೆಲವೇ ವಾರಗಳಲ್ಲಿ ಶತ್ರುಗಳಾಗಲಿದ್ದ ದೇಶಗಳ ಆಟಗಾರರು. ಪಂದ್ಯಾವಳಿ ನಡೆಯುತ್ತಿರುವಾಗಲೇ, ಸೆಪ್ಟೆಂಬರ್ 1ರಂದು, ಜರ್ಮನಿ ಪೋಲೆಂಡಿನ ಮೇಲೆ ಎರಗಿತು. ಇಂಗ್ಲೆಂಡ್ ತಂಡ ಮನೆಗೆ ಹಿಂತಿರುಗಿತು. ಉಳಿದವರು ಆಟ ಮುಂದುವರಿಸಿದರು. ಪೋಲೆಂಡ್–ಜರ್ಮನಿ, ಫ್ರಾನ್ಸ್–ಜರ್ಮನಿಯಂಥ ಪಂದ್ಯಗಳನ್ನು ಆಡಿಸದೆಯೇ 2–2 ಎಂದು ಬರೆದುಕೊಂಡರು. ಕೊನೆಗೆ ಜರ್ಮನಿ ಮೊದಲು, ಬರೀ ಅರ್ಧ ಅಂಕದ ಹಿಂದೆ ಪೋಲೆಂಡ್.

ಅನೇಕರು ಮರಳಿ ಹೋಗಲಿಲ್ಲ. ಚಿನ್ನ ಗೆದ್ದ ಜರ್ಮನ್ ತಂಡದ ಐವರೂ ದಕ್ಷಿಣ ಅಮೆರಿಕದಲ್ಲೇ ಉಳಿದರು. ಪೋಲೆಂಡಿನ ಯಹೂದಿ ಆಟಗಾರ ಮಿಗೆಲ್ ನಾಯ್ಡಾರ್ಫ್ ಕೂಡ ಉಳಿದರು. ಊರಿನಲ್ಲಿದ್ದ ಅವರ ಕುಟುಂಬ ನರಮೇಧಕ್ಕೆ ಬಲಿಯಾಯಿತು. 1943ರಲ್ಲಿ ಅವರು ಬೋರ್ಡ್ ನೋಡದೆ ಏಕಕಾಲಕ್ಕೆ 40 ಮಂದಿಯ ಎದುರು ಆಡಿ ದಾಖಲೆ ಮಾಡಿದರು. ಆ ಸುದ್ದಿ ಯುರೋಪಿಗೆ ಹರಡಿ, ಬದುಕಿರುವ ಬಂಧುಗಳು ಯಾರಾದರೂ ಇದ್ದರೆ ಅವರ ಕಿವಿಗೆ ಬೀಳಲಿ ಎಂಬುದು ಅವರ ಆಸೆಯಾಗಿತ್ತು. ಅರ್ಜೆಂಟೀನಾ ಮುಂದೆ ಚೆಸ್‌ನಲ್ಲಿ ದೊಡ್ಡ ಶಕ್ತಿಯಾಗಿ ಬೆಳೆದದ್ದರಲ್ಲಿ ಹೀಗೆ ಉಳಿದುಹೋದವರ ಪಾಲು ಬಹಳ.

ಸೋವಿಯತ್ ಒಕ್ಕೂಟ ಎಷ್ಟು ಸಲ ಗೆದ್ದಿದೆ? ಅವರನ್ನು ಯಾರೂ ಸೋಲಿಸಲಿಲ್ಲವೇ?

1952ರಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ಬಾರಿ ಆಡಿದ್ದು, ಅಂದಿನಿಂದ 1990ರವರೆಗೆ 18 ಚಿನ್ನ. ಆ ಅವಧಿಯಲ್ಲಿ ತಪ್ಪಿದ್ದು ಎರಡೇ. 1976ರಲ್ಲಿ ಇಸ್ರೇಲಿನ ಹೈಫಾಗೆ ಅವರು ಹೋಗಲೇ ಇಲ್ಲ. 1978ರಲ್ಲಿ ಹಂಗೇರಿ ಅವರನ್ನು ಎರಡನೇ ಸ್ಥಾನಕ್ಕೆ ತಳ್ಳಿತು. ಬಲ ಎಷ್ಟಿತ್ತೆಂದರೆ, ಟಿಗ್ರಾನ್ ಪೆಟ್ರೋಸ್ಯಾನ್ ಹತ್ತು ಒಲಿಂಪಿಯಾಡ್‌ಗಳಲ್ಲಿ 129 ಆಟ ಆಡಿ ಸೋತದ್ದು ಒಂದೇ ಒಂದು, ಅದೂ 1972ರಲ್ಲಿ ಸ್ಕೋಪ್ಯೆಯಲ್ಲಿ ರಾಬರ್ಟ್ ಹ್ಯೂಬ್ನರ್ ಎದುರು ಗಡಿಯಾರದ ಸಮಯ ಮುಗಿದು. ಒಕ್ಕೂಟ ಒಡೆದ ಮೇಲೆ ರಷ್ಯಾ 1992ರಿಂದ 2002ರವರೆಗೆ ಆರೂ ಚಿನ್ನ ಬಾಚಿತು. ಆಮೇಲೆ ಓಪನ್ ವಿಭಾಗದಲ್ಲಿ ಅದಕ್ಕೆ ಚಿನ್ನ ದಕ್ಕಿಲ್ಲ. ಉಕ್ರೇನ್ ಮೇಲಿನ ಆಕ್ರಮಣದ ನಂತರ 2022 ಮತ್ತು 2024ರಲ್ಲಿ ರಷ್ಯಾ, ಬೆಲಾರೂಸ್ ತಂಡಗಳು ಆಡಲಿಲ್ಲ.

ಹೈಫಾ ವರ್ಷ ಇನ್ನೊಂದು ವಿಚಿತ್ರ ನಡೆಯಿತು. ಇಸ್ರೇಲಿಗೆ ಹೋಗಲೊಲ್ಲದ ದೇಶಗಳಿಗಾಗಿ ಲಿಬಿಯಾ ಟ್ರಿಪೊಲಿಯಲ್ಲಿ ಪರ್ಯಾಯ ಒಲಿಂಪಿಯಾಡ್ ನಡೆಸಿತು. ಅದನ್ನು ಗೆದ್ದದ್ದು ಎಲ್ ಸಾಲ್ವಡಾರ್.

ಅರ್ಮೇನಿಯಾ, ಉಜ್ಬೇಕಿಸ್ತಾನದಂಥ ದೇಶಗಳು ಹೇಗೆ ಗೆಲ್ಲುತ್ತವೆ?

ಸುಮಾರು ಮೂವತ್ತು ಲಕ್ಷ ಜನರಿರುವ, ಅಂದರೆ ಬೆಂಗಳೂರಿನ ಒಂದು ಮೂಲೆಯಲ್ಲಿ ಹಿಡಿಸುವಷ್ಟು ಜನಸಂಖ್ಯೆಯ ಅರ್ಮೇನಿಯಾ 2006, 2008, 2012ರಲ್ಲಿ ಚಿನ್ನ ಗೆದ್ದಿತು. ಅಲ್ಲಿ ಅರ್ಮೇನಿಯನ್ ಮೂಲದ ಪೆಟ್ರೋಸ್ಯಾನ್ ಕಾಲದಿಂದಲೂ ಚೆಸ್ ಮನೆಮಾತು. 2011ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಕಡ್ಡಾಯ ಪಾಠ ಮಾಡಿದರು. ಇನ್ನೊಂದು ಗುಟ್ಟು ಒಗ್ಗಟ್ಟು: ವರ್ಷಗಟ್ಟಲೆ ಅವೇ ಮುಖಗಳು ಒಟ್ಟಿಗೆ ಆಡಿದವು.

ಉಜ್ಬೇಕಿಸ್ತಾನದ ಕಥೆ ಯುವಕರದು. 2022ರಲ್ಲಿ 14ನೇ ಶ್ರೇಯಾಂಕದಿಂದ ಹೊರಟು, ನದಿರ್ಬೆಕ್ ಅಬ್ದುಸತ್ತೊರೊವ್, ಸಿಂದರೊವ್ ಮುಂತಾದ ಹುಡುಗರು ಚಿನ್ನ ಎತ್ತಿಕೊಂಡು ಹೋದರು. ಅಗ್ರ ಶ್ರೇಯಾಂಕದ ಅಮೆರಿಕ ಐದನೆಯದಾಯಿತು. ರೇಟಿಂಗ್ ಕೂಡಿಸಿ ತಂಡದ ಬಲ ಅಳೆಯುವವರಿಗೆ ಇದಕ್ಕಿಂತ ಚೆನ್ನಾದ ಉತ್ತರ ಇಲ್ಲ.

## ಭಾರತದ ಮಾತು

ಆನಂದ್‌ರಂಥ ಆಟಗಾರ ಇದ್ದಾಗ ಬಾರದ ಚಿನ್ನ 2024ರಲ್ಲಿ ಹೇಗೆ ಬಂತು?

ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅವರ ಹಿಂದೆ ಅಷ್ಟೇ ಬಲದ ಇನ್ನೂ ಮೂವರು ಬಹುಕಾಲ ಇರಲಿಲ್ಲ. ತಂಡ ಪಂದ್ಯದಲ್ಲಿ ಒಬ್ಬ ಎಷ್ಟೇ ಚೆನ್ನಾಗಿ ಆಡಿದರೂ ಗಳಿಸುವುದು ಒಂದೇ ಅಂಕ. 2006ರ ನಂತರ 2018ರವರೆಗೆ ಆನಂದ್ ಒಲಿಂಪಿಯಾಡ್ ಆಡಲೂ ಇಲ್ಲ. ಆದರೂ ಅವರ ಕೊಡುಗೆ ಈ ಚಿನ್ನದಲ್ಲಿದೆ. ಅವರನ್ನು ನೋಡಿ ಆಟಕ್ಕೆ ಬಂದ ಪೀಳಿಗೆಯಿಂದಲೇ 2024ರ ಹೊತ್ತಿಗೆ ಭಾರತದ ಗ್ರ್ಯಾಂಡ್‌ಮಾಸ್ಟರ್‌ಗಳ ಸಂಖ್ಯೆ 80 ದಾಟಿತ್ತು. ಮೊದಲ ಕಂಚು 2014ರಲ್ಲಿ ನಾರ್ವೆಯ ಟ್ರೊಮ್ಸೊದಲ್ಲಿ, ಆನಂದ್ ಇಲ್ಲದ ತಂಡಕ್ಕೇ ಬಂತು.

ಬುಡಾಪೆಸ್ಟ್‌ನಲ್ಲಿ ಓಪನ್ ತಂಡ ಹತ್ತು ಪಂದ್ಯ ಗೆದ್ದು, ಉಜ್ಬೇಕಿಸ್ತಾನದ ಜೊತೆ ಒಂದು ಸಮ ಮಾಡಿಕೊಂಡು 22ಕ್ಕೆ 21 ಅಂಕ ಪಡೆಯಿತು. ಹತ್ತನೇ ಸುತ್ತಿನ ಅಮೆರಿಕ ಪಂದ್ಯವನ್ನೇ ನೋಡಿ. ಎರಡನೇ ಬೋರ್ಡಿನಲ್ಲಿ ಪ್ರಜ್ಞಾನಂದ ವೆಸ್ಲಿ ಸೋ ಎದುರು ಸೋತರು. ಸೋತದ್ದರಿಂದ ಉಳಿದ ಮೂವರ ಮೇಲೆ ಹೊರೆ ಬಿತ್ತು. ಮೊದಲ ಬೋರ್ಡಿನಲ್ಲಿ ಗುಕೇಶ್ ಫಾಬಿಯಾನೊ ಕರುವಾನಾರನ್ನು ಹಣಿದರು. ನಾಲ್ಕನೆಯದರಲ್ಲಿ ವಿದಿತ್ ಗುಜರಾತಿ ಲೆವೊನ್ ಅರೋನಿಯನ್ ಜೊತೆ ಡ್ರಾ ಮಾಡಿಕೊಂಡರು. ಅರ್ಜುನ್ ಲೈನಿಯರ್ ಡೊಮಿಂಗೆಸ್ ವಿರುದ್ಧ ಗೆದ್ದಾಗ ಲೆಕ್ಕ 2.5–1.5. ಚಿನ್ನ ಬಹುತೇಕ ಅಲ್ಲೇ ಖಚಿತವಾಯಿತು.

ಮಹಿಳೆಯರ ಹಾದಿ ಇದಕ್ಕಿಂತ ಕಠಿಣ. ಏಳು ಪಂದ್ಯ ಗೆದ್ದು, ಎಂಟನೆಯದರಲ್ಲಿ ಪೋಲೆಂಡಿಗೆ ಸೋತು, ಒಂಬತ್ತನೆಯದರಲ್ಲಿ ಅಮೆರಿಕದ ಜೊತೆ ಸಮ ಮಾಡಿಕೊಂಡು, ಕೊನೆಯ ಎರಡರಲ್ಲಿ ಚೀನಾ ಮತ್ತು ಅಜರ್‌ಬೈಜಾನನ್ನು ಸೋಲಿಸಿ 19 ಅಂಕ. ಹಾರಿಕಾ, ವೈಶಾಲಿ, ದಿವ್ಯಾ, ವಂತಿಕಾ, ತಾನಿಯಾ. ಸೋತು ಮತ್ತೆ ಎದ್ದು ನಿಂತ ಈ ತಂಡದ ಬಗ್ಗೆ ಪತ್ರಿಕೆಗಳು ಇನ್ನೂ ಹೆಚ್ಚು ಬರೆಯಬೇಕಿತ್ತು. ಹಾರಿಕಾ ಅವರು 2022ರಲ್ಲಿ ತುಂಬು ಗರ್ಭಿಣಿಯಾಗಿದ್ದಾಗಲೂ ಆಡಿದವರು. ಆ ವರ್ಷ ಕೊನೆಯ ಸುತ್ತಿನಲ್ಲಿ ಅಮೆರಿಕಕ್ಕೆ ಸೋತು ಚಿನ್ನ ಕಂಚಾಗಿತ್ತು.

2022ರಲ್ಲಿ ಭಾರತಕ್ಕೆ ಮೂರು ಮೂರು ತಂಡ ಯಾಕೆ ಇದ್ದವು?

ಆತಿಥೇಯರಿಗೆ ಹೆಚ್ಚುವರಿ ತಂಡ ಇಳಿಸಲು ಅವಕಾಶವಿದೆ. ತಂಡಗಳ ಸಂಖ್ಯೆ ಬೆಸವಾಗಿ ಯಾರಿಗಾದರೂ ಎದುರಾಳಿ ಇಲ್ಲದಂತಾದರೆ ಇನ್ನೊಂದನ್ನೂ ಸೇರಿಸಬಹುದು. ಆ ಒಲಿಂಪಿಯಾಡ್ ಮೂಲತಃ ರಷ್ಯಾದಲ್ಲಿ ನಡೆಯಬೇಕಿತ್ತು. ಯುದ್ಧ ಶುರುವಾದಾಗ ಫಿಡೆ ಅದನ್ನು ಹಿಂತೆಗೆದುಕೊಂಡಿತು, ತಮಿಳುನಾಡು ಕೆಲವೇ ತಿಂಗಳಲ್ಲಿ ಸಿದ್ಧತೆ ಮಾಡಿ ತೋರಿಸಿತು. ಹುಡುಗರಿಂದಲೇ ತುಂಬಿದ್ದ ‘ಬಿ’ ತಂಡ ‘ಎ’ ತಂಡವನ್ನು ಮೀರಿ ಕಂಚು ಪಡೆದದ್ದು ಮುಂದಿನ ದಿನಗಳ ಮುನ್ಸೂಚನೆ. ಗುಕೇಶ್ ಮೊದಲ ಎಂಟೂ ಆಟ ಗೆದ್ದು, ಹತ್ತನೇ ಸುತ್ತಿನಲ್ಲಿ ಅಬ್ದುಸತ್ತೊರೊವ್ ವಿರುದ್ಧ ಕೈಗೆ ಬಂದಿದ್ದ ಗೆಲುವನ್ನು ಒಂದು ತಪ್ಪು ನಡೆಯಲ್ಲಿ ಕಳೆದುಕೊಂಡರು. ಎರಡು ವರ್ಷದ ನಂತರ, 2024ರ ಡಿಸೆಂಬರ್‌ನಲ್ಲಿ, ಅವರು ವಿಶ್ವ ಚಾಂಪಿಯನ್.

2020ರಲ್ಲಿ ಭಾರತ ಗೆದ್ದಿತ್ತಲ್ಲ, ಅದು ಲೆಕ್ಕಕ್ಕಿಲ್ಲವೇ?

ಅದು ಕೋವಿಡ್ ಕಾಲದ ಆನ್‌ಲೈನ್ ಒಲಿಂಪಿಯಾಡ್, ಬೇರೆಯದೇ ಸ್ಪರ್ಧೆ. ತಂಡದಲ್ಲಿ ಮಹಿಳೆಯರೂ ಕಿರಿಯರೂ ಸೇರಿ ಆರು ಬೋರ್ಡ್. ರಷ್ಯಾ ವಿರುದ್ಧದ ಫೈನಲ್‌ನ ಮೊದಲ ಪಂದ್ಯ 3–3. ಎರಡನೆಯದು ನಡೆಯುವಾಗ ಜಾಗತಿಕ ಮಟ್ಟದಲ್ಲಿ ಇಂಟರ್ನೆಟ್ ವ್ಯತ್ಯಯವಾಗಿ ನಿಹಾಲ್ ಮತ್ತು ದಿವ್ಯಾ ಸಂಪರ್ಕ ಕಳೆದುಕೊಂಡರು. ಫಿಡೆ ಎರಡೂ ದೇಶಗಳನ್ನು ಜಂಟಿ ವಿಜೇತರೆಂದು ಘೋಷಿಸಿತು.

ಆನಂದ್‌ಗಿಂತ ಮೊದಲು ನಮ್ಮವರು ಯಾರಾದರೂ ಒಲಿಂಪಿಯಾಡ್‌ನಲ್ಲಿ ಮಿಂಚಿದ್ದರೇ?

ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1930, 1931, 1933ರಲ್ಲಿ ಇಂಗ್ಲೆಂಡಿನ ಪರ ಮೊದಲ ಬೋರ್ಡಿನಲ್ಲಿ ಆಡಿದರು. ಭಾರತೀಯ ಶೈಲಿಯ ಚದುರಂಗ ಕಲಿತು ಬೆಳೆದವರು, ಯುರೋಪಿನ ನಿಯಮಗಳನ್ನು ಆಮೇಲೆ ರೂಢಿಸಿಕೊಂಡವರು. 1931ರ ಪ್ರಾಗ್‌ನಲ್ಲಿ ಫ್ಲೋರ್ ಮತ್ತು ರುಬಿನ್‌ಸ್ಟೈನ್ ಅವರನ್ನು ಸೋಲಿಸಿದರು, ವಿಶ್ವ ಚಾಂಪಿಯನ್ ಅಲೆಖಿನ್ ಜೊತೆ ಡ್ರಾ ಮಾಡಿಕೊಂಡರು. ಭಾರತದ ತಂಡ ಮೊದಲು ಆಡಿದ್ದು 1956ರಲ್ಲಿ, ಮಾಸ್ಕೋದಲ್ಲಿ. 1960ರ ಲೀಪ್‌ಜಿಗ್‌ನಲ್ಲಿ ಮ್ಯಾನ್ಯುಯೆಲ್ ಆರನ್ ಮಾಜಿ ವಿಶ್ವ ಚಾಂಪಿಯನ್ ಮ್ಯಾಕ್ಸ್ ಯೂವೆ ಅವರನ್ನು ಮಣಿಸಿದರು.

ಕರ್ನಾಟಕದವರು ಭಾರತ ತಂಡದಲ್ಲಿ ಯಾಕಿಲ್ಲ?

2014, 2022, 2024ರಲ್ಲಿ ಪದಕ ಗೆದ್ದ ತಂಡಗಳಲ್ಲಿ ಕನ್ನಡ ನಾಡಿನ ಆಟಗಾರರು ಇರಲಿಲ್ಲ ಎಂಬುದು ನಿಜ. ಪ್ರತಿಭೆ ಇಲ್ಲ ಎಂದಲ್ಲ. ಮೈಸೂರಿನ ಎಂ.ಎಸ್. ತೇಜಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ನಂತರ ಜಿ.ಎ. ಸ್ಟಾನಿ, ಗಿರೀಶ್ ಕೌಶಿಕ್ ಬಂದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆಗಿ ಅದೇ ಹೊತ್ತಿಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟವನ್ನೂ ಪಡೆದರು. ಆದರೆ ಭಾರತದ ಐವರಲ್ಲಿ ಒಬ್ಬರಾಗಲು ಈಗ ಜಗತ್ತಿನ ಮುಂಚೂಣಿಯ ರೇಟಿಂಗ್ ಬೇಕು. ಚೆನ್ನೈನಲ್ಲಿ ಆರನ್ ಕಾಲದಿಂದಲೂ ಕಟ್ಟಿಕೊಂಡು ಬಂದ ಕ್ಲಬ್, ತರಬೇತಿ, ಪಂದ್ಯಾವಳಿಗಳ ಜಾಲ ನಮ್ಮಲ್ಲಿ ಇನ್ನೂ ಅಷ್ಟು ಗಟ್ಟಿಯಾಗಿಲ್ಲ. ಶಿವಮೊಗ್ಗ, ಮೈಸೂರುಗಳಂಥ ಊರುಗಳಿಂದ ಆಟಗಾರರು ಬರುತ್ತಿದ್ದಾರೆ. ಅವರಿಗೆ ಮನೆಯ ಹತ್ತಿರವೇ ಬಲಿಷ್ಠ ಎದುರಾಳಿಗಳು ಸಿಗುವಂತಾಗಬೇಕು.

## ಇನ್ನಷ್ಟು ಆಳಕ್ಕೆ

ಅಮೆರಿಕ ತಂಡದಲ್ಲಿ ಬೇರೆ ದೇಶದವರೇ ಇದ್ದಾರಲ್ಲ, ಇದು ಸರಿಯೇ?

ನಿಯಮದ ಪ್ರಕಾರ ಸರಿ. ಆಟಗಾರ ಯಾವ ಒಕ್ಕೂಟಕ್ಕೆ ನೋಂದಾಯಿಸಿಕೊಂಡಿದ್ದಾನೆ ಎಂಬುದನ್ನು ಫಿಡೆ ನೋಡುತ್ತದೆ. ಬದಲಾಯಿಸಲು ಕಾಯುವ ಅವಧಿ, ಶುಲ್ಕ ಇವೆ. ಬುಡಾಪೆಸ್ಟ್‌ನಲ್ಲಿ ಭಾರತದ ಎದುರು ಕೂತ ನಾಲ್ವರನ್ನೇ ತೆಗೆದುಕೊಳ್ಳಿ: ಸೋ ಫಿಲಿಪೀನ್ಸ್‌ನಿಂದ, ಡೊಮಿಂಗೆಸ್ ಕ್ಯೂಬಾದಿಂದ, ಅರೋನಿಯನ್ ಅರ್ಮೇನಿಯಾದಿಂದ ಬಂದವರು. ಕರುವಾನಾ ಮಯಾಮಿಯಲ್ಲಿ ಹುಟ್ಟಿ, ಇಟಲಿಗೆ ಆಡಿ, 2015ರಲ್ಲಿ ಮರಳಿದವರು. ಒಬ್ಬ ಆಟಗಾರ ಬದುಕು ಕಟ್ಟಿಕೊಳ್ಳಲು ದೇಶ ಬಿಡುವುದನ್ನು ನಾನು ಟೀಕಿಸಲಾರೆ. ಆದರೆ ಶ್ರೀಮಂತ ಒಕ್ಕೂಟಗಳು ಸಿದ್ಧ ಆಟಗಾರರನ್ನು ಸೆಳೆದುಕೊಂಡಾಗ ಅವರನ್ನು ಬೆಳೆಸಿದ ಬಡ ದೇಶದ ತಂಡ ಬರಿದಾಗುತ್ತದೆ. ಬೆಳೆಸಿದ ದೇಶಕ್ಕೆ ಇನ್ನೂ ದೊಡ್ಡ ಪರಿಹಾರ ಸಿಗಬೇಕು ಎಂಬುದು ನನ್ನ ನಿಲುವು.

ತಂಡ ಪಂದ್ಯಗಳಲ್ಲಿ ಮೋಸ ಮಾಡುವುದು ಸುಲಭವೇ?

ಅಂಥ ಒಂದು ಪ್ರಕರಣ ಒಲಿಂಪಿಯಾಡ್‌ನ ಚಹರೆಯನ್ನೇ ಬದಲಿಸಿತು. 2010ರಲ್ಲಿ ರಷ್ಯಾದ ಖಾಂಟಿ-ಮಾನ್ಸಿಸ್ಕ್‌ನಲ್ಲಿ ಫ್ರಾನ್ಸ್‌ನ ಆಟಗಾರನೊಬ್ಬ ತನ್ನ ಬೋರ್ಡಿನ ಚಿನ್ನ ಗೆದ್ದ. ಆಮೇಲೆ ಹೊರಬಿದ್ದ ಆರೋಪ ಹೀಗಿತ್ತು: ದೂರದಲ್ಲಿ ಕುಳಿತ ಸಹಚರ ಕಂಪ್ಯೂಟರಿನಲ್ಲಿ ನಡೆ ಹುಡುಕಿ ಮೊಬೈಲ್ ಸಂದೇಶ ಕಳುಹಿಸುತ್ತಿದ್ದ, ಅದನ್ನು ಓದಿದ ತರಬೇತುದಾರ ಸಭಾಂಗಣದಲ್ಲಿ ನಿರ್ದಿಷ್ಟ ಟೇಬಲ್ಲಿನ ಹಿಂದೆ ಹೋಗಿ ನಿಲ್ಲುತ್ತಿದ್ದ, ಯಾವ ಟೇಬಲ್ ಎಂಬುದೇ ಯಾವ ಚೌಕ ಎಂಬ ಸಂಕೇತ. ದೂರು ಕೊಟ್ಟದ್ದು ಫ್ರಾನ್ಸ್‌ನ ಸ್ವಂತ ಒಕ್ಕೂಟ. ತನ್ನ ಆಟಗಾರನ ಮೇಲೆ ತಾನೇ ದೂರಲು ಧೈರ್ಯ ಬೇಕು. ಫಿಡೆ ಮೂವರನ್ನೂ ಅಮಾನತು ಮಾಡಿತು. ಇಂದು ಒಳಗೆ ಹೋಗುವಾಗ ತಪಾಸಣೆ ಇದೆ, ಮೊಬೈಲ್ ಇದ್ದರೆ ಆಟವೇ ಸೋತಂತೆ, ಆಟ ನಡೆಯುವಾಗ ನಾಯಕರು ಎಲ್ಲಿ ನಿಲ್ಲಬಹುದು ಎಂಬುದಕ್ಕೂ ಕಟ್ಟುನಿಟ್ಟಿದೆ.

ಒಲಿಂಪಿಯಾಡ್ ಬಿಟ್ಟು ದೇಶಗಳ ನಡುವೆ ಬೇರೆ ಸ್ಪರ್ಧೆಗಳಿವೆಯೇ?

ಇವೆ. ಕೆಲವೇ ಆಯ್ದ ದೇಶಗಳು ಆಡುವ ವಿಶ್ವ ತಂಡ ಚಾಂಪಿಯನ್‌ಶಿಪ್ 1985ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಶುರುವಾಯಿತು. ಯುರೋಪಿಗೆ, ಏಷ್ಯಾಕ್ಕೆ ಅವರವರದೇ ತಂಡ ಪಂದ್ಯಾವಳಿಗಳಿವೆ. ಒಲಿಂಪಿಯಾಡ್‌ನೊಳಗೇ ಇನ್ನೊಂದು ಬಹುಮಾನ ಉಂಟು: ಓಪನ್ ಮತ್ತು ಮಹಿಳಾ ತಂಡಗಳ ಒಟ್ಟು ಸಾಧನೆಗೆ ಕೊಡುವ ನೋನಾ ಗಪ್ರಿಂದಾಶ್ವಿಲಿ ಟ್ರೋಫಿ. ಗ್ರ್ಯಾಂಡ್‌ಮಾಸ್ಟರ್ ಪಟ್ಟ ಪಡೆದ ಮೊದಲ ಮಹಿಳೆ, ಜಾರ್ಜಿಯಾದ ನೋನಾ ಅವರ ಹೆಸರಿನದು. 2022 ಮತ್ತು 2024ರಲ್ಲಿ ಇದನ್ನು ಗೆದ್ದದ್ದು ಭಾರತ. ಒಂದು ದೇಶದ ಚೆಸ್ ನಿಜಕ್ಕೂ ಎಷ್ಟು ಆರೋಗ್ಯವಾಗಿದೆ ಎಂದು ತಿಳಿಯಲು ನಾನು ಮೊದಲು ನೋಡುವುದು ಈ ಟ್ರೋಫಿಯ ಪಟ್ಟಿಯನ್ನು.

ಮುಂದಿನದು ಎಲ್ಲಿ? ಮನೆಯಲ್ಲೇ ಕೂತು ನೋಡುವುದು ಹೇಗೆ?

46ನೇ ಒಲಿಂಪಿಯಾಡ್ 2026ಕ್ಕೆ ಉಜ್ಬೇಕಿಸ್ತಾನದ ಸಮರ್ಖಂಡ್‌ನಲ್ಲಿ ನಿಗದಿಯಾಗಿದೆ. ಎಲ್ಲ ಬೋರ್ಡುಗಳ ನಡೆಗಳೂ ಲಿಚೆಸ್, ಚೆಸ್ ಡಾಟ್ ಕಾಮ್‌ನಂಥ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ನೋಡುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಯಾರು ಮೇಲುಗೈ ಎಂದು ತೋರಿಸುವ ಕಂಪ್ಯೂಟರಿನ ಮೌಲ್ಯಮಾಪನ ಪಟ್ಟಿಯನ್ನು ಮುಚ್ಚಿ, ನಾಲ್ಕೂ ಬೋರ್ಡನ್ನು ಒಂದೇ ಪರದೆಯಲ್ಲಿ ತೆರೆದುಕೊಳ್ಳಿ. ಯಾರ ಗಡಿಯಾರದಲ್ಲಿ ಸಮಯ ಕಡಿಮೆ ಇದೆ ಎಂದು ಗಮನಿಸಿ. ಮೊದಲ 40 ನಡೆಗಳಿಗೆ ಒಂದೂವರೆ ಗಂಟೆ, ಪ್ರತಿ ನಡೆಗೆ 30 ಸೆಕೆಂಡ್ ಸೇರ್ಪಡೆ. ಹಾಗಾಗಿ ಮೂರನೇ ಗಂಟೆಯ ಹೊತ್ತಿಗೆ, ನಲವತ್ತನೇ ನಡೆ ಹತ್ತಿರವಾದಂತೆ, ಪಂದ್ಯ ತಿರುಗುವುದು ಹೆಚ್ಚು. ಆ ಅರ್ಧ ಗಂಟೆ ಬಿಡುವು ಮಾಡಿಕೊಂಡು ನೋಡಿ.